ನಿಂತುಹೋದ ಪದ್ಮಿನಿಯನ್ನು ರಸ್ತೆಗೆ ತರುವುದು: ಕೈಕೊಟ್ಟ ಕೆಲಸಗಳು, ಕೈಹಿಡಿದ ಉಪಾಯಗಳು

ಗುಬ್ಬಿ ಹತ್ತಿರದ ತೋಟದ ಮನೆ. ಅಲ್ಲಿ ತೆಂಗಿನಕಾಯಿ ರಾಶಿ ಹಾಕುವ ಶೆಡ್ಡಿನ ಮೂಲೆಯಲ್ಲಿ ನಮ್ಮ ಸೋದರಮಾವನ 1985ರ ಪ್ರೀಮಿಯರ್ ಪದ್ಮಿನಿ ಹನ್ನೊಂದು ವರ್ಷ ನಿಂತಿತ್ತು. ಏರ್ ಕ್ಲೀನರ್ ಮುಚ್ಚಳ ತೆಗೆದರೆ ಒಳಗೆ ತೆಂಗಿನ ನಾರಿನ ಗೂಡು. ಇಲಿಗಳು ಎಷ್ಟು ತಲೆಮಾರು ಸಂಸಾರ ಮಾಡಿದ್ದವೋ ಗೊತ್ತಿಲ್ಲ. "ಗುಜರಿಯವನು ಕೇಳ್ತಾನೇ ಇದಾನೆ ಕಣಪ್ಪ, ಕೊಡೋಕೆ ನಂಗೆ ಮನಸ್ಸಿಲ್ಲ. ನೀನೇ ತಗೊಂಡು ಹೋಗು" ಅಂದರು ಮಾವ. ಬ್ರೇಕಿಲ್ಲದ ಕಾರನ್ನು ಹಗ್ಗ ಕಟ್ಟಿ ಎಳೆಯುವ ಧೈರ್ಯ ಬರಲಿಲ್ಲ. ಕ್ಯಾಂಟರಿಗೆ ಹತ್ತಿಸಿ ತುಮಕೂರಿಗೆ ತಂದೆ.

ಆರು ತಿಂಗಳಲ್ಲಿ ಮುಗಿಸುತ್ತೇನೆ ಅಂದುಕೊಂಡಿದ್ದೆ. ಎರಡೂವರೆ ವರ್ಷ ಹಿಡಿಯಿತು. ಅದರಲ್ಲಿ ಅರ್ಧ ಸಮಯ ಹೋಗಿದ್ದು ಹಳೆಯ ತೊಂದರೆ ಸರಿಮಾಡಲು. ಇನ್ನರ್ಧ ನಾನೇ ಮಾಡಿಕೊಂಡ ಹೊಸ ತೊಂದರೆಗಳಿಗೆ ಹೋಯಿತು. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಸರಿಯಾದ ಕ್ರಮದ ಜೊತೆಗೆ ಎಲ್ಲೆಲ್ಲಿ ಎಡವಿದೆ ಅನ್ನುವುದನ್ನೂ ಬರೆದಿದ್ದೇನೆ. ನಿಮ್ಮದು ಪದ್ಮಿನಿಯೇ ಆಗಬೇಕಿಲ್ಲ. ಅಂಬಾಸಡರ್ ಆಗಲಿ, ಕಾರ್ಬುರೇಟರ್ ಇರುವ ಹಳೆಯ ಮಾರುತಿ 800 ಆಗಲಿ, ಮುಕ್ಕಾಲು ಪಾಲು ಕೆಲಸ ಒಂದೇ.

ಎಲ್ಲಕ್ಕಿಂತ ಮೊದಲು: ಒಂದು ರೋಲ್ ಮಾಸ್ಕಿಂಗ್ ಟೇಪ್

ಹಳೇ ಕಾರಿಗೆ ಮಾಡುವ ಉಪಾಯಗಳಲ್ಲಿ ಎರಡು ಜಾತಿ. ಒಂದು, ಮನೆ ಸೇರಲು ಮಾಡುವುದು. ಇನ್ನೊಂದು, ವರ್ಷಗಟ್ಟಲೆ ಉಳಿಯುವಂತೆ ಮಾಡುವುದು. ಸೈಕಲ್ ಟ್ಯೂಬ್ ಸುತ್ತಿದ ಹೋಸ್ ಮೊದಲ ಜಾತಿ. ಲೇತಿನಲ್ಲಿ ತಿರುಗಿಸಿದ ಗನ್‌ಮೆಟಲ್ (ಕಂಚಿನ ಜಾತಿಯ ಲೋಹ) ಬುಶ್ ಎರಡನೆಯದು. ಮೊದಲ ಜಾತಿಯದು ತಪ್ಪಲ್ಲ. ಅದನ್ನು ಮಾಡಿ ಮರೆತುಬಿಡುವುದು ತಪ್ಪು.

ಅದಕ್ಕೇ ಡ್ಯಾಶ್‌ಬೋರ್ಡಿಗೆ ಉದ್ದಕ್ಕೂ ಒಂದು ಪಟ್ಟಿ ಮಾಸ್ಕಿಂಗ್ ಟೇಪ್ ಅಂಟಿಸಿ. ಮನೆ ಸೇರುವ ಉಪಾಯ ಏನೇ ಮಾಡಿದರೂ ತಕ್ಷಣ ಅದರ ಮೇಲೆ ಬರೆಯಿರಿ: ಏನು ಮಾಡಿದೆ, ಯಾವ ತಾರೀಖು, ಎಷ್ಟು ಕಿಲೋಮೀಟರ್. ಸರಿಯಾದ ರಿಪೇರಿ ಆದ ದಿನ ಆ ಸಾಲು ಹೊಡೆದುಹಾಕಿ. ಈ ಟೇಪ್ ಅಂಟಿಸುವ ಬುದ್ಧಿ ನನಗೆ ಮೊದಲ ತಿಂಗಳಲ್ಲೇ ಬಂತು. ಒಂದೇ ಒಂದು ಸಲ ಬರೆಯದೆ ಬಿಟ್ಟೆ. ಅದರ ಕಥೆ ರೇಡಿಯೇಟರ್ ಭಾಗದಲ್ಲಿ ಬರುತ್ತದೆ.

ಹಂತ 1: ಸ್ಪ್ಯಾನರ್ ಹಿಡಿಯುವ ಮುಂಚೆ ನೋಡುವ ಕೆಲಸ

ಬಿಚ್ಚುವ ಆಸೆ ತಡೆದುಕೊಳ್ಳಿ. ಮೊದಲು ಫೋಟೋ. ಬಾನೆಟ್ಟಿನ ಒಳಗಿನ ಪ್ರತಿ ವೈರು, ಪ್ರತಿ ಪೈಪು, ಕಾರ್ಬುರೇಟರಿನ ಪ್ರತಿ ಸ್ಪ್ರಿಂಗು. ಮುಖ್ಯವಾಗಿ ಪ್ಲಗ್ ವೈರುಗಳು ಯಾವುದರಿಂದ ಯಾವುದಕ್ಕೆ ಹೋಗುತ್ತವೆ ಅನ್ನುವುದು. ಪದ್ಮಿನಿಯ 1089 ಸಿಸಿ ಎಂಜಿನ್ನಿನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬೀಳುವ ಕ್ರಮ, 1-3-4-2. ಗೊತ್ತಿದ್ದರೂ ಫೋಟೋ ತೆಗೆಯಿರಿ, ಕೈ ತಪ್ಪುತ್ತದೆ.

ಆಮೇಲೆ ತುಕ್ಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಸಣ್ಣ ಮ್ಯಾಗ್ನೆಟ್ ಒಂದು ತಗೊಂಡು ಬಾಡಿಯ ಮೇಲೆಲ್ಲ ಸವರಿಕೊಂಡು ಹೋಗಿ. ತಗಡು ಇರುವಲ್ಲಿ ಹಿಡಿಯುತ್ತದೆ. ಪುಟ್ಟಿ ದಪ್ಪವಾಗಿ ಮೆತ್ತಿರುವಲ್ಲಿ ಜಾರಿ ಬೀಳುತ್ತದೆ. ನನ್ನ ಕಾರಿನ ಎಡಗಡೆ ಬಾಗಿಲ ಕೆಳಗಿನ ಪಟ್ಟಿಯಲ್ಲಿ ಒಂದು ಗೇಣು ಉದ್ದಕ್ಕೂ ಜಾರಿತು. ಕೆರೆದು ನೋಡಿದರೆ ಪುಟ್ಟಿ, ಪುಟ್ಟಿಯ ಹಿಂದೆ ಗೋಣಿಚೀಲದ ತುಂಡು, ಗೋಣಿಯ ಹಿಂದೆ ಏನೂ ಇಲ್ಲ! ಹಿಂದೆ ಯಾರೋ ಮಾಡಿದ ಮನೆ ಸೇರುವ ಉಪಾಯ ಹದಿನೈದು ವರ್ಷವಾದರೂ ಬಾಳಿತ್ತು.

ಇದು ಅಂದದ ವಿಷಯ ಮಾತ್ರ ಅಲ್ಲ. ಪದ್ಮಿನಿಗೆ ಅಂಬಾಸಡರಿನಂತೆಯೇ ಪ್ರತ್ಯೇಕ ಚಾಸಿಸ್ ಇಲ್ಲ, ಬಾಡಿಯೇ ಭಾರ ಹೊರಬೇಕು. ಬಾಗಿಲ ಕೆಳಗಿನ ಪೆಟ್ಟಿಗೆಯಂಥ ಪಟ್ಟಿ, ಫ್ಲೋರ್, ಸ್ಪ್ರಿಂಗ್ ಪಟ್ಟಿ ಕಚ್ಚಿಕೊಳ್ಳುವ ಜಾಗ, ಈ ಮೂರು ಗಟ್ಟಿ ಇವೆಯಾ ನೋಡಿ. ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನಿಂದ ಚುಚ್ಚಿ. ಒಳಗೆ ಹೋದರೆ ಅಲ್ಲಿ ಹೊಸ ತಗಡು ಕೂರಿಸಲೇಬೇಕು. ಈ ಮೂರೂ ಹೋಗಿದ್ದರೆ ಕಾರು ಕೊಳ್ಳಬೇಡಿ, ಎಷ್ಟೇ ಕಡಿಮೆಗೆ ಬಂದರೂ.

ಹಂತ 2: ಜಾಮ್ ಆದ ಎಂಜಿನ್ ಬಿಡಿಸುವುದು

ಎಲ್ಲರೂ ಮಾಡುವ ತಪ್ಪು: ಹೊಸ ಬ್ಯಾಟರಿ ತಂದು, ಕೀ ತಿರುಗಿಸಿ "ನೋಡೇಬಿಡೋಣ" ಅನ್ನುವುದು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ರಿಂಗುಗಳು ಸಿಲಿಂಡರಿಗೆ ಅಂಟಿರುತ್ತವೆ. ಒತ್ತಾಯ ಮಾಡಿದರೆ ರಿಂಗು ಮುರಿಯುತ್ತದೆ.

ನಾಲ್ಕೂ ಪ್ಲಗ್ ಬಿಚ್ಚಿ. ಒಂದೊಂದು ತೂತಿಗೂ ಡೀಸೆಲ್ ಮತ್ತು ಎಂಜಿನ್ ಆಯಿಲ್ ಅರ್ಧರ್ಧ ಬೆರೆಸಿ ನಾಲ್ಕು ಚಮಚ ಹಾಕಿ. ಬಟ್ಟೆ ಮುಚ್ಚಿ ಬಿಡಿ. ಎರಡು ದಿನ ಸಾಲದು. ನನ್ನದು ಒಂಬತ್ತು ದಿನ ನೆನೆಯಿತು, ಮೂರು ದಿನಕ್ಕೊಮ್ಮೆ ಮತ್ತೆ ಹಾಕುತ್ತಿದ್ದೆ.

ತಿರುಗಿಸುವುದಕ್ಕೆ ಕೈಯೇ ಸಾಕು. ಮುಂದಿನ ಎರಡೂ ಚಕ್ರಕ್ಕೆ ಕಲ್ಲು ಕೊಡಿ. ಹಿಂದಿನ ಒಂದು ಚಕ್ರವನ್ನು ಜಾಕಿ ಹಾಕಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಡಿ. ಟಾಪ್ ಗೇರ್ ಹಾಕಿ. ಈಗ ಎತ್ತಿದ ಚಕ್ರವನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹಿಂದಿನ ಚಕ್ರ ಓಡಿಸುವ ಕಾರಾದ್ದರಿಂದ ಚಕ್ರದ ಜೊತೆ ಎಂಜಿನ್ ತಿರುಗಲೇಬೇಕು. ಅಗಲವಾದ ಚಕ್ರ ಹಿಡಿದು ತಿರುಗಿಸುವುದರಿಂದ ಬಲವೂ ಚೆನ್ನಾಗಿ ಸಿಗುತ್ತದೆ, ಎಲ್ಲಿ ಬಿಗಿ ಇದೆ ಅಂತ ಕೈಗೂ ತಿಳಿಯುತ್ತದೆ. ಒಂಬತ್ತನೇ ದಿನ ಸಂಜೆ ಬಾಗಿಲ ಕೀಲು ಸಡಿಲವಾದಂತೆ "ಕಿರ್" ಎಂದು ಒಂದಿಂಚು ಜರುಗಿತು. ಆ ಸದ್ದಿಗೆ ನಾನು ಕೂಗಿದ ಕೂಗು ಕೇಳಿ ಪಕ್ಕದ ಮನೆಯವರು ಕಾಲ ಮೇಲೆ ಕಾರು ಬಿತ್ತೇನೋ ಅಂತ ಓಡಿ ಬಂದರು.

ಎಂಜಿನ್ ಸಡಿಲ ಬಿಟ್ಟ ಮೇಲೂ ಪ್ಲಗ್ ಹಾಕದೆ ಹತ್ತಾರು ಸಲ ತಿರುಗಿಸಿ, ಉಳಿದ ದ್ರವ ಹೊರಗೆ ಬರಲಿ. ಆಮೇಲೆ ಎಂಜಿನ್ ಆಯಿಲ್ ಪೂರ್ತಿ ಬದಲಿಸಿ. ಹಾಕಿದ ಡೀಸೆಲ್ ಕೆಳಗಿಳಿದು ಹಳೇ ಆಯಿಲನ್ನು ನೀರಾಗಿಸಿರುತ್ತದೆ.

ಇಲ್ಲೇ ಒಂದು ಮಾತು: ತುಕ್ಕು ಹಿಡಿದ ಬೋಲ್ಟು. ಸೈಲೆನ್ಸರ್ ಮ್ಯಾನಿಫೋಲ್ಡಿನ ಸ್ಟಡ್ ಒಂದನ್ನು ಅವಸರಕ್ಕೆ ಮುರಿದೆ. ಉಳಿದವುಗಳಿಗೆ ಲೇತ್ ಅಂಗಡಿಯವರು ಹೇಳಿಕೊಟ್ಟ ಉಪಾಯ ಇದು. ನಟ್ಟನ್ನು ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ, ಬಿಸಿ ಇರುವಾಗಲೇ ಮೇಣದಬತ್ತಿ ಮುಟ್ಟಿಸುವುದು. ಮೇಣ ಕರಗಿ ನಟ್ಟಿನ ತಿರುಪಿನ ಸುತ್ತುಗಳೊಳಗೆ ಇಳಿಯುತ್ತದೆ. ಹತ್ತಿರ ಪೆಟ್ರೋಲ್ ಪೈಪು ಇರುವಲ್ಲಿ ಮಾತ್ರ ಈ ಆಟ ಬೇಡ. ಮುರಿದ ಸ್ಟಡ್ಡಿಗೆ ಅವರೇ ಮೇಲೊಂದು ನಟ್ಟು ವೆಲ್ಡ್ ಮಾಡಿ, ಆ ಬಿಸಿಯಲ್ಲೇ ಸ್ಪ್ಯಾನರ್ ಹಾಕಿ ತೆಗೆದರು.

ಹಂತ 3: ಪೆಟ್ರೋಲ್ ದಾರಿ

ಮೊದಲ ಸ್ಟಾರ್ಟಿಗೆ ಕಾರಿನ ಟ್ಯಾಂಕ್ ಬಳಸಲೇಬೇಡಿ. ಮೆಕ್ಯಾನಿಕ್‌ಗಳು ಮಾಡುವಂತೆ ಸಣ್ಣ ಬಾಟಲಿಯಲ್ಲಿ ಪೆಟ್ರೋಲ್ ಹಾಕಿ, ಪೈಪಿನಿಂದ ನೇರ ಎಂಜಿನ್ನಿನ ಪೆಟ್ರೋಲ್ ಪಂಪಿಗೆ ಕೊಡಿ. ಬಾಟಲಿ ಎಂಜಿನ್ನಿನಿಂದ ದೂರ ಇರಲಿ, ಪಕ್ಕದಲ್ಲಿ ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ನಿಂತಿರಲಿ. ಎಂಜಿನ್ ಓಡುತ್ತದೆ ಅಂತ ಖಾತ್ರಿ ಆದಮೇಲೆ ಟ್ಯಾಂಕಿನ ಸರದಿ.

ನನ್ನ ಟ್ಯಾಂಕ್ ಇಳಿಸಿ ಅಲ್ಲಾಡಿಸಿದಾಗ ಗಿಲಕಿಯ ಸದ್ದು ಬಂತು. ಒಳಗೆಲ್ಲ ತುಕ್ಕಿನ ಹಕ್ಕಳೆ. ಒಂದು ಬೊಗಸೆ ಸಣ್ಣ ನಟ್ಟು, ಒಂದಷ್ಟು ಸೋಪಿನ ನೀರು ಹಾಕಿ ಕುಲುಕಾಡಿಸಿ ತೊಳೆದೆ. ಆಮೇಲೆ ಎರಡು ದಿನ ಬಿಳಿ ವಿನೆಗರ್ ತುಂಬಿಟ್ಟೆ. ಮತ್ತೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದೆ. ಹಾಕಿದ ನಟ್ಟುಗಳನ್ನು ಎಣಿಸಿಕೊಂಡು ಹಾಕಿ, ಎಣಿಸಿ ತೆಗೆಯಿರಿ. ನಾನು ಎಣಿಸಿರಲಿಲ್ಲ. ಈಗಲೂ ತಿರುವಿನಲ್ಲಿ ಹಿಂದೆ ಒಂದು "ಟಿಣ್" ಕೇಳುತ್ತದೆ.

ತುಕ್ಕು ಹೋದ ಮೇಲೆ ಅಡಿಯಲ್ಲಿ ಸೂಜಿಮೊನೆಯಷ್ಟು ತೂತು ಕಂಡಿತು. ನಮ್ಮ ಹಳೇ ಡ್ರೈವರ್‌ಗಳೆಲ್ಲ ಬಲ್ಲ ಉಪಾಯ: ಮೈಗೆ ಹಚ್ಚುವ ಸೋಪನ್ನು ಒಣಗಿದ ಜಾಗಕ್ಕೆ ಉಜ್ಜಿ ತುಂಬುವುದು. ಪೆಟ್ರೋಲಿಗೆ ಸೋಪು ಕರಗುವುದಿಲ್ಲ, ತೂತು ಮುಚ್ಚಿಕೊಳ್ಳುತ್ತದೆ. ಮಾವನ ಕಾಲದಲ್ಲಿ ಇದೇ ಸೋಪಿನ ಮೇಲೆ ತಿಂಗಳುಗಟ್ಟಲೆ ಓಡಿಸಿದ್ದಾರಂತೆ. ನನ್ನದು ನಾಲ್ಕನೇ ದಿನಕ್ಕೇ ತೊಟ್ಟಿಕ್ಕಲು ಶುರುವಾಯಿತು. ಕಾರಣ ಈಗಿನ ಪೆಟ್ರೋಲ್. ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಎಥನಾಲ್ ಸೋಪನ್ನು ಮೆತ್ತಗೆ ಮಾಡುತ್ತದೆ. ಸೋಪು ಇವತ್ತಿಗೂ ಮನೆ ಸೇರಿಸುತ್ತದೆ, ಅಷ್ಟೇ.

ಸರಿಯಾದ ರಿಪೇರಿ ಅಂದರೆ ಬೆಸುಗೆ. ಇದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗಿನ ಆವಿಗೆ ಒಂದು ಕಿಡಿ ಸಾಕು. ಟ್ಯಾಂಕ್ ಕೆಲಸವನ್ನೇ ಮಾಡುವವರು ಆವಿಯೆಲ್ಲ ಹೋಗುವ ಹಾಗೆ ತೊಳೆದು ಆಮೇಲೆ ಬೆಸುಗೆ ಹಾಕುತ್ತಾರೆ.

ಎಥನಾಲಿನ ಇನ್ನೊಂದು ಗುಣ, ನೀರನ್ನು ಎಳೆದುಕೊಳ್ಳುವುದು. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನ ಟ್ಯಾಂಕು ಮತ್ತೆ ತುಕ್ಕು ಹಿಡಿಯಲು ಇದೇ ಸಾಕು. ಮೂರನೆಯದು, ಹಳೇ ಬಗೆಯ ರಬ್ಬರ್ ತಿನ್ನುವುದು. ನಾನು ಹೊಸದೇ ಆದ, ಆದರೆ ಅಗ್ಗದ ಹೋಸ್ ಹಾಕಿದ್ದೆ. ಐದು ತಿಂಗಳಿಗೆ ಒಳಗೆ ಮೆತ್ತಗಾಗಿ, ಕರಿ ಚೂರುಗಳು ಕಾರ್ಬುರೇಟರ್ ಜೆಟ್ಟಿನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು) ಸಿಕ್ಕಿಕೊಂಡವು. ಎಂಜಿನ್ ನಿಧಾನದಲ್ಲಿ ನಿಲ್ಲುತ್ತಿತ್ತು, ಚೋಕ್ ಎಳೆದರೆ ಓಡುತ್ತಿತ್ತು. ಈ ಲಕ್ಷಣ ಕಂಡರೆ ಜೆಟ್ ಕಟ್ಟಿದೆ ಅಂತಲೇ ಮೊದಲ ಅನುಮಾನ. ಜೆಟ್ಟಿಗೆ ತಂತಿ ತೂರಿಸಬೇಡಿ, ತೂತು ಅಗಲವಾಗುತ್ತದೆ. ಗಾಳಿ ಹೊಡೆಯಿರಿ ಸಾಕು. ಹೋಸನ್ನು ಎಥನಾಲಿಗೆ ತಡೆಯುವಂಥದ್ದೇ ಕೇಳಿ ತನ್ನಿ, ಪಂಪಿನ ಡಯಾಫ್ರಂ ಕಿಟ್ ಕೂಡ. ಕಾರಿನ ಬಿಡಿಭಾಗಗಳಿಗೆ ಬೆಂಗಳೂರಿನ ಜೆಸಿ ರೋಡಿಗೆ ಹೋಗುವ ದಿನ ಇವೆರಡನ್ನೂ ಪಟ್ಟಿಯ ಮೊದಲಿಗೆ ಹಾಕಿ.

ಹಂತ 4: ತಂಪು, ಮತ್ತು ನಾನು ಬರೆಯದೆ ಬಿಟ್ಟ ಸಾಲು

ಮೂರನೇ ಸಲ ಕಾರು ಹೊರಗೆ ತೆಗೆದಿದ್ದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬಂದು ನೋಡಿದರೆ ಮುಂದಿನ ಚಕ್ರದ ಹತ್ತಿರ ನೀರಿನ ಕೊಳ. ರೇಡಿಯೇಟರಿನ ಕೆಳಮೂಲೆ ಸೋರುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಲಾರಿ ಡ್ರೈವರ್ ಒಬ್ಬರು ಬಗ್ಗಿ ನೋಡಿ, "ಹೋಟ್ಲಲ್ಲಿ ಒಂದು ಹಿಡಿ ಅರಿಶಿನ ಇಸ್ಕೊಳ್ಳಿ ಸ್ವಾಮಿ, ಹಾಕಿ ನಡೀರಿ" ಅಂದರು. ಎಂಜಿನ್ ಆರುವವರೆಗೆ ಕಾದು, ಹಾಕಿದೆ. ಐದು ನಿಮಿಷ ಓಡಿಸಿದ್ದೇ ಸೋರುವುದು ನಿಂತಿತು. ಅರಿಶಿನದ ಪುಡಿ ನೀರಿನ ಜೊತೆ ತಿರುಗುತ್ತಾ ಸಣ್ಣ ತೂತಿನ ಬಾಯಲ್ಲಿ ಸಿಕ್ಕಿಕೊಂಡು ಗಟ್ಟಿಯಾಗುತ್ತದೆ. ಖುಷಿಯಲ್ಲಿ ಮನೆಗೆ ಬಂದೆ. ಟೇಪಿನ ಮೇಲೆ ಬರೆಯಲಿಲ್ಲ.

ಮೂರು ವಾರ ಕಳೆದ ಮೇಲೆ ಸಣ್ಣ ಏರಿನಲ್ಲೂ ಟೆಂಪರೇಚರ್ ಮುಳ್ಳು ಮೇಲೆ ಹೋಗತೊಡಗಿತು. ಅರಿಶಿನ ನೆನಪಿಗೇ ಬರಲಿಲ್ಲ. ಥರ್ಮೋಸ್ಟಾಟ್ ಬದಲಿಸಿದೆ. ಫ್ಯಾನ್ ಬೆಲ್ಟ್ ಬದಲಿಸಿದೆ. ಟೈಮಿಂಗ್ ನೋಡಿದೆ. ಕೊನೆಗೆ ವಾಟರ್ ಪಂಪ್ ಬಿಚ್ಚಿದೆ, ಅದಕ್ಕೆ ಪ್ಯಾಕಿಂಗ್ (ಜೋಡಣೆ ಸೋರದಂತೆ ನಡುವೆ ಇಡುವ ಹಾಳೆ) ಎಲ್ಲೂ ಸಿಗಲಿಲ್ಲ. ನಾನೇ ಕತ್ತರಿಸಿದೆ. ಬೇರೆಯವರಿಗೂ ಉಪಯೋಗಕ್ಕೆ ಬರುವ ವಿದ್ಯೆ ಅದು, ಇಲ್ಲೇ ಹೇಳಿಬಿಡುತ್ತೇನೆ.

ಪ್ಯಾಕಿಂಗ್ ಕತ್ತರಿಸುವ ರೀತಿ ಹೀಗೆ. ಪ್ಯಾಕಿಂಗ್ ಪೇಪರ್ ಹಾಳೆಯ ಲೆಕ್ಕದಲ್ಲಿ ಸಿಗುತ್ತದೆ. ಪಂಪಿನ ಮುಖ ಸ್ವಚ್ಛ ಮಾಡಿ, ತೆಳ್ಳಗೆ ಗ್ರೀಸ್ ಸವರಿ, ಪೇಪರ್ ಅದರ ಮೇಲಿಡಿ. ಮೊದಲು ಬೋಲ್ಟಿನ ತೂತುಗಳು. ತೂತಿಗಿಂತ ತುಸು ದೊಡ್ಡ ಬೇರಿಂಗ್ ಗುಂಡನ್ನು ಪೇಪರಿನ ಮೇಲೆ ತೂತಿರುವ ಜಾಗಕ್ಕೆ ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು. ಬಿಲ್ಲೆಯಂತೆ ದುಂಡಗೆ ಕತ್ತರಿಸಿ ಬೀಳುತ್ತದೆ. ಎದುರುಬದುರಿನ ಎರಡು ತೂತಿಗೆ ಬೋಲ್ಟ್ ಇಳಿಸಿ, ಈಗ ಪೇಪರ್ ಜಾರುವುದಿಲ್ಲ. ಆಮೇಲೆ ಸಣ್ಣ ಸುತ್ತಿಗೆಯ ದುಂಡು ತಲೆಯಿಂದ ಅಂಚಿನುದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಲೋಹದ ಅಂಚೇ ಕತ್ತರಿಯಾಗುತ್ತದೆ. ಜೋರಾಗಿ ಹೊಡೆದರೆ ಅಲ್ಯೂಮಿನಿಯಂ ಅಂಚು ಮಡಿಸಿಕೊಳ್ಳುತ್ತದೆ, ಹುಷಾರು. ನನ್ನ ಮೊದಲನೆಯದು ಹಾಳಾಯಿತು, ಎರಡನೆಯದು ಸೋರಿತು, ಮೂರನೆಯದು ಇವತ್ತಿಗೂ ಇದೆ.

ಇಷ್ಟೆಲ್ಲ ಆದರೂ ಕಾರು ಬಿಸಿಯಾಗುತ್ತಲೇ ಇತ್ತು. ರೇಡಿಯೇಟರ್ ಅಂಗಡಿಗೆ ಒಯ್ದೆ. ಅವರು ಟಾರ್ಚಿನಲ್ಲಿ ಕಾಯಿಸಿ ಮೇಲಿನ ಟ್ಯಾಂಕ್ ಬಿಡಿಸಿ ತೋರಿಸಿದರು. ನಳಿಗೆಗಳ ಬಾಯಿತುಂಬ ಹಳದಿ ಕೆಸರು. "ಯಾರು ಸಾರ್ ಇದರಲ್ಲಿ ಸಾಂಬಾರ್ ಮಾಡಿದ್ದು?" ಅಂದರು. ಅಲ್ಲಿಯವರೆಗೂ ನೆನಪಾಗಿರಲಿಲ್ಲ ನೋಡಿ! ಪ್ರತಿ ನಳಿಗೆಗೂ ಉದ್ದನೆಯ ಪಟ್ಟಿ ತೂರಿಸಿ ಕೆಸರು ತೆಗೆದು, ಮೂಲೆಗೆ ಬೆಸುಗೆ ಹಾಕಿ ಕೊಟ್ಟರು. ಅದಕ್ಕೆ ತಗುಲಿದ್ದು ನಾನು ಅಷ್ಟರಲ್ಲಿ ಕೊಂಡಿದ್ದ ಸಾಮಾನಿನ ಅರ್ಧ ಬೆಲೆ.

ನಿಮಗೆ ಹೀಗಾದರೆ ಸುಮ್ನೆ ಸಾಮಾನು ಬದಲಿಸುತ್ತಾ ಹೋಗಬೇಡಿ. ಎಂಜಿನ್ ಬಿಸಿ ಮಾಡಿ ನಿಲ್ಲಿಸಿ. ಬೆಲ್ಟಿನಿಂದ ತಿರುಗುವ ಫ್ಯಾನ್ ಆದ್ದರಿಂದ ಅದೂ ನಿಲ್ಲುತ್ತದೆ. (ಕರೆಂಟಿನ ಫ್ಯಾನ್ ಇರುವ ಕಾರಾದರೆ ಬ್ಯಾಟರಿ ವೈರ್ ತೆಗೆದೇ ಕೈ ಇಡಿ.) ರೇಡಿಯೇಟರಿನ ಮುಖದ ಮೇಲೆ ಅಂಗೈ ಹತ್ತಿರ ಹಿಡಿದು ಸರಿಸಿ. ಎಲ್ಲ ಕಡೆ ಬಿಸಿ ಇದ್ದು ಒಂದೆಡೆ ಮಾತ್ರ ತಣ್ಣಗಿದ್ದರೆ ಅಲ್ಲಿ ನಳಿಗೆ ಕಟ್ಟಿದೆ. ಒಂದು ನಿಮಿಷದ ಪರೀಕ್ಷೆ.

ಬೋರ್‌ವೆಲ್ ನೀರನ್ನೂ ಹಾಕಬೇಡಿ. ನಮ್ಮ ಕಡೆಯ ನೀರು ಎಷ್ಟು ಗಡಸು ಅಂತ ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ, ಅದೇ ಪದರ ಎಂಜಿನ್ನಿನ ಒಳಗೂ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಅರ್ಧರ್ಧ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯುವುದಂತೂ ಬೇಡವೇ ಬೇಡ, ಹೆಡ್ ಬಾಗುತ್ತದೆ.

ಹಂತ 5: ಬ್ರೇಕು, ಇಲ್ಲಿ ಉಪಾಯಕ್ಕೆ ಜಾಗವಿಲ್ಲ

ಬ್ರೇಕಿನಲ್ಲಿ ಮನೆ ಸೇರುವ ಉಪಾಯ ಅನ್ನುವುದೇ ಇಲ್ಲ. ಕೆಟ್ಟರೆ ಕಾರು ನಿಲ್ಲಬೇಕು. ನನ್ನ ಕಾರಿನ ಬ್ರೇಕ್ ಒಂದೇ ಸರ್ಕ್ಯೂಟಿನದು. ಎಲ್ಲಿ ಒಂದು ಪೈಪ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುತ್ತದೆ.

ನಾಲ್ಕೂ ಡ್ರಮ್ ಬಿಚ್ಚಿ, ವೀಲ್ ಸಿಲಿಂಡರ್‌ಗಳಿಗೆ ಹೊಸ ಕಿಟ್ ಹಾಕಿದ್ದೆ. ಎರಡು ವಾರಕ್ಕೆ ಬ್ರೇಕ್ ಹಿಡಿದರೆ ಬಿಡದಂತಾಯಿತು. ಚಕ್ರಗಳು ಬಿಸಿ. ಬಿಚ್ಚಿ ನೋಡಿದರೆ ಹೊಸ ರಬ್ಬರ್ ಬಟ್ಟಲುಗಳು ಉಬ್ಬಿ ಸಿಲಿಂಡರಿನಲ್ಲಿ ಸಿಕ್ಕಿಕೊಂಡಿದ್ದವು. ಪೆಡಲ್ ಒತ್ತಿದಾಗ ದ್ರವ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಯಾರೋ ಯಾವಾಗಲೋ ಎಂಜಿನ್ ಆಯಿಲ್ ಟಾಪ್‌ಅಪ್ ಮಾಡಿದ್ದರು, ನಾನು ಆ ಹಳೇ ದ್ರವವನ್ನು ಪೂರ್ತಿ ತೆಗೆದಿರಲಿಲ್ಲ. ಬ್ರೇಕಿನ ರಬ್ಬರಿಗೆ ಎಂಜಿನ್ ಆಯಿಲ್ ವಿಷ.

ಪರೀಕ್ಷೆ ಸುಲಭ. ಲೋಟದಲ್ಲಿ ನೀರು ತಗೊಂಡು ನಿಮ್ಮ ಬ್ರೇಕ್ ಫ್ಲೂಯಿಡ್ ನಾಲ್ಕು ಹನಿ ಬಿಡಿ. ನೀರಿನಲ್ಲಿ ಬೆರೆತರೆ ಸರಿ. ಮೇಲೆ ತೇಲಿದರೆ ಎಣ್ಣೆ ಸೇರಿದೆ. ಆಗ ಒಂದು ರಬ್ಬರನ್ನೂ ಉಳಿಸದೆ ಎಲ್ಲ ಬದಲಿಸಬೇಕು. ಮಾಸ್ಟರ್ ಕಿಟ್, ವೀಲ್ ಸಿಲಿಂಡರ್ ಕಿಟ್, ಹೋಸ್, ಎಲ್ಲ. ಕಬ್ಬಿಣದ ಪೈಪುಗಳನ್ನು ಸ್ಪಿರಿಟ್ ಹಾಕಿ ತೊಳೆದು ಗಾಳಿ ಹೊಡೆಯಿರಿ. ಹಳೇ ಹೋಸ್ ಒಳಗಿಂದ ಉಬ್ಬಿದ್ದರೆ ಹೊರಗಿಂದ ಗೊತ್ತಾಗುವುದಿಲ್ಲ. ಒತ್ತಿದಾಗ ದ್ರವ ಬಿಡುತ್ತದೆ, ವಾಪಸ್ ಬಿಡುವುದಿಲ್ಲ. ಒಂದೇ ಚಕ್ರ ಬಿಸಿಯಾದರೆ ಇದನ್ನು ನೆನಪಿಸಿಕೊಳ್ಳಿ.

ಗಾಳಿ ತೆಗೆಯುವುದು ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಿ, ಗುಳ್ಳೆ ಬಂದ ಮೇಲೆ ಬಿಗಿ ಮಾಡಬೇಕು, ಆಮೇಲೆಯೇ ಪೆಡಲ್ ಬಿಡಬೇಕು. ಒಳಗೆ ಕೂತಿದ್ದು ನನ್ನ ಮಗಳು. "ಒತ್ತು, ಹಿಡ್ಕೋ, ಬಿಡು" ಅನ್ನುವುದನ್ನು ನೂರು ಸಲ ಕೇಳಿ, "ಅಪ್ಪಾ, ಬಿಡು ಅಂದ್ರೆ ಪೆಡಲ್ ಬಿಡ್ಲಾ ಕೆಲ್ಸ ಬಿಡ್ಲಾ?" ಅಂತ ಕೇಳಿದಳು. ಮೊದಲೇ ಮಾತು ಗೊತ್ತುಮಾಡಿಕೊಳ್ಳಿ.

ಡ್ರಮ್ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೇ ಲೈನಿಂಗ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ. ಬ್ರೇಕ್ ಫ್ಲೂಯಿಡ್ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ, ಇಲ್ಲವಾದರೆ ಪೇಂಟ್ ಸುಕ್ಕುಗಟ್ಟಿ ಏಳುತ್ತದೆ.

ಹಂತ 6: ವೈರಿಂಗ್, ಮತ್ತು ಡೈನಮೊ ಜಾಗಕ್ಕೆ ಆಲ್ಟರ್ನೇಟರ್

ಇಲಿ ಕಡಿದ ವೈರಿಂಗಿಗೆ ಟೇಪ್ ಸುತ್ತುತ್ತಾ ಕೂರುವುದಕ್ಕಿಂತ ಹೊಸ ಹಾರ್ನೆಸ್ (ಪೂರ್ತಿ ವೈರಿನ ಕಟ್ಟು) ಎಳೆಯುವುದು ವಾಸಿ. ಕೆಲಸ ಶುರುಮಾಡುವ ಮುಂಚೆ ಅರ್ತ್ ನೋಡಿ. ಲೈಟ್ ಮಂಕು, ಹಾರ್ನ್ ಗೊಗ್ಗರು, ಸೆಲ್ಫ್ ನಿಧಾನ, ಹಳೇ ಕಾರಿನ ಇಂಥ ಕಾಯಿಲೆಗಳಲ್ಲಿ ಬಹುಪಾಲು ಅರ್ತಿನದೇ. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ತ್ ಪಟ್ಟಿ ಬದಲಿಸಿ, ಬೋಲ್ಟ್ ಕೂರುವ ಜಾಗ ಎಮರಿ ಪೇಪರಿನಲ್ಲಿ ಉಜ್ಜಿ.

ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೊ, ಎಂಜಿನ್ ನಿಧಾನದಲ್ಲಿದ್ದಾಗ ಏನೇನೂ ಚಾರ್ಜ್ ಕೊಡುವುದಿಲ್ಲ. ರಾತ್ರಿ ಬಿ.ಎಚ್. ರಸ್ತೆಯ ಸಿಗ್ನಲ್‌ನಲ್ಲಿ ನಿಂತರೆ ಹೆಡ್‌ಲೈಟ್ ಹಳದಿಯಾಗುತ್ತಾ ಹೋಗುತ್ತದೆ. ಅದಕ್ಕೆ ಮಾರುತಿ 800ರ ಆಲ್ಟರ್ನೇಟರ್ ಕೂರಿಸಿದೆ. ಬ್ರಾಕೆಟ್ಟನ್ನು ಮೊದಲು ರಟ್ಟಿನಲ್ಲಿ ಕತ್ತರಿಸಿ ಹಿಡಿದು ನೋಡಿ, ಆಮೇಲೆ ಆ ರಟ್ಟನ್ನೇ ಅಂತರಸನಹಳ್ಳಿಯ ವರ್ಕ್‌ಶಾಪಿಗೆ ಕೊಟ್ಟು ದಪ್ಪ ಪಟ್ಟಿಯಲ್ಲಿ ಮಾಡಿಸಿ. ನನ್ನ ಮೊದಲ ಬ್ರಾಕೆಟ್ ತೆಳು ಪಟ್ಟಿಯದು, ನಡುಕಕ್ಕೆ ಸೀಳಿತು.

ಪುಲ್ಲಿಗಳು ಒಂದೇ ನೇರಕ್ಕಿವೆಯಾ ನೋಡಲು ಗಾರೆ ಕೆಲಸದವರ ನೂಲು ಸಾಕು. ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ನೂಲು ಹಿಡಿದು ಆಲ್ಟರ್ನೇಟರ್ ಪುಲ್ಲಿಯವರೆಗೆ ಬಿಗಿಯಾಗಿ ಎಳೆಯಿರಿ. ಎರಡು ಪುಲ್ಲಿಯ ಅಂಚಿನ ದಪ್ಪ ಬೇರೆ ಇದ್ದರೆ ಆ ವ್ಯತ್ಯಾಸ ಲೆಕ್ಕಕ್ಕೆ ತಗೊಳ್ಳಿ. ವಾಷರ್ ಕೊಟ್ಟು ಸರಿಮಾಡಿ. ಡೈನಮೊದ ಚಾರ್ಜ್ ಹತೋಟಿಯಲ್ಲಿಡುತ್ತಿದ್ದ ಹಳೇ ಕಟ್‌ಔಟ್ ಪೂರ್ತಿ ತೆಗೆಯಿರಿ, ಆಲ್ಟರ್ನೇಟರಿನ ಒಳಗೇ ರೆಗ್ಯುಲೇಟರ್ ಇದೆ. ಬ್ಯಾಟರಿಗೆ ಹೋಗುವ ವೈರ್ ದಪ್ಪನೆಯದು ಇರಲಿ. ಬ್ಯಾಟರಿಯನ್ನು ಉಲ್ಟಾ ಕೊಟ್ಟರೆ ಡಯೋಡ್ ಕ್ಷಣದಲ್ಲಿ ಸುಡುತ್ತದೆ.

ಎಲ್ಲ ಸರಿ ಕೂತರೂ ನನ್ನದು ಚಾರ್ಜ್ ಮಾಡಲಿಲ್ಲ. ಜೋರಾಗಿ ರೇಸ್ ಕೊಟ್ಟರೆ ಮಾತ್ರ ಎಚ್ಚರಾಗುತ್ತಿತ್ತು. ಎರಡು ಸಲ ಆಲ್ಟರ್ನೇಟರ್ ಬಿಚ್ಚಿ ಟೆಸ್ಟ್ ಮಾಡಿಸಿದೆ, ಚೆನ್ನಾಗಿಯೇ ಇತ್ತು. ತಪ್ಪು ಇದ್ದಿದ್ದು ಮೀಟರ್ ಬೋರ್ಡಿನಲ್ಲಿ. ಅಂದಕ್ಕೆ ಅಂತ ಅಲ್ಲಿನ ಬಲ್ಬುಗಳನ್ನೆಲ್ಲ ಎಲ್‌ಇಡಿ ಮಾಡಿದ್ದೆ. ಚಾರ್ಜಿನ ಕೆಂಪು ಬಲ್ಬಿನ ಮೂಲಕ ಹೋಗುವ ಕರೆಂಟೇ ಆಲ್ಟರ್ನೇಟರನ್ನು ಎಬ್ಬಿಸುವುದು. ಎಲ್‌ಇಡಿ ಅಷ್ಟು ಕರೆಂಟ್ ಬಿಡುವುದಿಲ್ಲ. ಹಳೇ ತಂತಿ ಬಲ್ಬ್ ವಾಪಸ್ ಹಾಕಿದೆ, ಹತ್ತು ರೂಪಾಯಿ ಚಿಲ್ಲರೆಯಲ್ಲಿ ಮುಗಿಯಿತು. ಈಗ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟಿನ ಆಸುಪಾಸು ಇರುತ್ತದೆ.

ಹೆಡ್‌ಲೈಟಿಗೆ ರಿಲೇ (ಸ್ವಿಚ್ಚಿನ ಬದಲು ಜಾಸ್ತಿ ಕರೆಂಟನ್ನು ತಾನು ಹೊರುವ ಡಬ್ಬಿ) ಹಾಕುವುದನ್ನೂ ಇದೇ ಹೊತ್ತಿನಲ್ಲಿ ಮುಗಿಸಿ. 55 ವ್ಯಾಟಿನ ಎರಡು ಬಲ್ಬ್ ಅಂದರೆ ಒಂಬತ್ತು ಆಂಪಿಯರ್ ಮೇಲೆ. ಅಷ್ಟನ್ನೂ ನಲವತ್ತು ವರ್ಷದ ಸ್ವಿಚ್ಚಿನ ಮೂಲಕ ಹರಿಸಿದರೆ ಸ್ವಿಚ್ ಕರಗುತ್ತದೆ.

ದಾರಿಯಲ್ಲಿ ಪಾಯಿಂಟ್ ಗ್ಯಾಪ್ (ಪ್ಲಗ್ಗಿನ ಕಿಡಿಗಾಗಿ ಕರೆಂಟ್ ಕಡಿದು ಕೂಡಿಸುವ ಪಾಯಿಂಟಿನ ಸಂದು) ಹೋದರೆ, ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ, ಸುಮಾರು 0.4 ಮಿ.ಮೀ. ದಪ್ಪದ ಗಟ್ಟಿ ವಿಸಿಟಿಂಗ್ ಕಾರ್ಡ್ ಮನೆ ಸೇರಿಸುತ್ತದೆ. ಟೇಪಿನ ಮೇಲೆ ಬರೆಯಿರಿ.

ಹಂತ 7: ತಗಡು, ಪೇಂಟು

ಇದರ ಬಗ್ಗೆ ಹೆಚ್ಚು ಹೇಳಲಾರೆ, ಟಿಂಕರಿಂಗ್ ನನ್ನ ಕೈಗೆ ಬಂದ ವಿದ್ಯೆಯಲ್ಲ. ಕೂರಿಸುವ ತಗಡು ಹಳೆಯದರಷ್ಟೇ ದಪ್ಪ ಇರಲಿ, ಬಾಗಿಲು ಹಾಕಿಟ್ಟುಕೊಂಡೇ ವೆಲ್ಡ್ ಮಾಡಿಸಿ. ತೆಗೆದಿಟ್ಟರೆ ಬಾಡಿ ಬಾಗಿ ಆಮೇಲೆ ಬಾಗಿಲು ಕೂರುವುದಿಲ್ಲ.

ಬಂಪರ್ ಬ್ರಾಕೆಟ್‌ನಂಥ ಸಣ್ಣ ಕಬ್ಬಿಣದ ಭಾಗಗಳ ತುಕ್ಕಿಗೆ ಬಕೆಟ್ ಮತ್ತು ಬ್ಯಾಟರಿ ಚಾರ್ಜರ್ ಸಾಕು. ಪ್ಲಾಸ್ಟಿಕ್ ಬಕೆಟ್ಟಿನ ನೀರಿಗೆ ಒಂದು ಹಿಡಿ ವಾಷಿಂಗ್ ಸೋಡಾ, ಚಾರ್ಜರಿನ ಮೈನಸ್ ತುಕ್ಕಿನ ಭಾಗಕ್ಕೆ, ಪ್ಲಸ್ ಹಳೇ ಕಬ್ಬಿಣದ ಸರಳಿಗೆ, ಎರಡೂ ಒಂದಕ್ಕೊಂದು ತಾಗದಂತೆ. ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಕರಿ ಮಣ್ಣಿನಂತೆ ಉದುರುತ್ತದೆ. ಸರಳಿನ ಬದಲು ಸ್ಟೀಲ್ ಚಮಚ ಬಳಸಬೇಡಿ, ಸ್ಟೇನ್‌ಲೆಸ್ ಸ್ಟೀಲಿನಿಂದ ವಿಷದ ಕ್ರೋಮಿಯಂ ಬರುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲೇ ಮಾಡಿ.

ಪೇಂಟನ್ನು ಮಳೆಗಾಲದಲ್ಲಿ ಹೊಡೆಸಿದರೆ ತೇವಕ್ಕೆ ಮೇಲೆ ಬಿಳಿ ಮಬ್ಬು ಕೂರುತ್ತದೆ. ಹಾಗಂತ ನಾನು ಜನವರಿಯಲ್ಲಿ ಹೊಡೆಸಿದೆ. ಪೇಂಟ್ ಶೆಡ್ಡಿನ ಎದುರು ಹೊಲದವರು ರಾಗಿ ಒಕ್ಕಣೆ ಶುರುಮಾಡಿದರು. ಬಾನೆಟ್ ತುಂಬ ಹೊಟ್ಟು. ಒಣಗಿದ ಮೇಲೆ ಉಜ್ಜಿ ಮತ್ತೆ ಒಂದು ಕೋಟ್. ಪೇಂಟಿನ ತಾರೀಖು ಗೊತ್ತುಮಾಡುವ ಮುಂಚೆ ಎದುರು ಹೊಲದವರನ್ನೂ ಒಂದು ಮಾತು ಕೇಳಿ.

ಹಂತ 8: ದೇವರಾಯನದುರ್ಗದ ಪರೀಕ್ಷೆ

ಊರೊಳಗೆ ಓಡಿದ ಕಾರು ರಿಪೇರಿಯಾಯಿತು ಅಂತ ಅಲ್ಲ. ತುಮಕೂರಿನಿಂದ ಸುಮಾರು 15 ಕಿ.ಮೀ. ದೂರದ ದೇವರಾಯನದುರ್ಗದ ಏರು ನಿಜವಾದ ಪರೀಕ್ಷೆ. ನಾಮದ ಚಿಲುಮೆ ದಾಟಿದ ಮೇಲೆ ನನ್ನ ಕಾರು ಎರಡು ಸಲ ಕೆಮ್ಮಿ ನಿಂತಿತು. ಹತ್ತಿರದ ಸೈಲೆನ್ಸರ್ ಬಿಸಿಗೆ ಪೆಟ್ರೋಲ್ ಪಂಪಿನೊಳಗೇ ಪೆಟ್ರೋಲ್ ಆವಿಯಾಗಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾದರೆ ಹೊರಡುತ್ತದೆ. ಇದು ಮನೆ ಸೇರುವ ಉಪಾಯ. ಉಳಿಯುವ ರಿಪೇರಿ: ಪಂಪು ಮತ್ತು ಮ್ಯಾನಿಫೋಲ್ಡ್ ನಡುವೆ ಅಲ್ಯೂಮಿನಿಯಂ ತಗಡಿನ ಮರೆ, ಪೆಟ್ರೋಲ್ ಪೈಪನ್ನು ಬಿಸಿಯಿಂದ ದೂರ ತಿರುಗಿಸುವುದು. ಮುಂದಿನ ವಾರ ಎರಡನ್ನೂ ಮಾಡಿಕೊಂಡು ಮತ್ತೆ ಹೋದೆ, ನಿಲ್ಲಲಿಲ್ಲ.

ಡಿಸೆಂಬರ್, ಜನವರಿಯಲ್ಲಿ ಹಳ್ಳಿ ರಸ್ತೆಗಳಲ್ಲಿ ಹುರುಳಿ ಹರಡಿರುತ್ತಾರೆ. ಅದರ ಮೇಲೆ ಹತ್ತಿಸಬೇಡಿ. ಈ ಕಾರುಗಳ ಕೆಳಗೆ ತಿರುಗುವ ಪ್ರೊಪೆಲ್ಲರ್ ಶಾಫ್ಟ್ ಬಳ್ಳಿಯನ್ನು ಸುತ್ತಿಕೊಳ್ಳುತ್ತದೆ, ಪಕ್ಕದಲ್ಲೇ ಕಾದ ಸೈಲೆನ್ಸರ್, ಬೆಂಕಿಗೆ ಇನ್ನೇನು ಬೇಕು? ತಪ್ಪಿ ಹತ್ತಿಸಿದರೆ ದಾಟಿದ ಕೂಡಲೇ ಇಳಿದು ಬಗ್ಗಿ ನೋಡಿ.

ಹಂತ 9: ಕಾಗದ ಪತ್ರ

ಇದನ್ನು ಕೊನೆಗೆ ಬರೆದಿದ್ದರೂ ಮೊದಲೇ ವಿಚಾರಿಸಿ. ಸ್ವಂತ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಫಾರಂ 25ರಲ್ಲಿ ಅರ್ಜಿ ಹಾಕಿ, ಕಾರು ತೋರಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ ಈ ಶುಲ್ಕ 5,000 ರೂಪಾಯಿ ಆಗಿತ್ತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರುಗಳಿಗೆ 10,000 ಮಾಡಿದ್ದಾರೆ. ಗ್ರೀನ್ ಟ್ಯಾಕ್ಸ್ ಬೇರೆ.

ಮಾಡಿಫಿಕೇಶನ್ ಮೋಹ ಇದ್ದವರು ಒಂದು ನೆನಪಿಡಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ನಾನು ಅದಕ್ಕೇ ಹಳೇ ಬಣ್ಣವನ್ನೇ ಹೊಡೆಸಿದೆ. 50 ವರ್ಷ ದಾಟಿದ ಕಾರಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ. ಆದರೆ ಚಾಸಿಸ್, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು, ದಿನದ ಓಡಾಟಕ್ಕೂ ಬಳಸುವಂತಿಲ್ಲ. ಪದ್ಮಿನಿ ಅನ್ನುವ ಹೆಸರು ಬಂದಿದ್ದೇ 1974ರಲ್ಲಿ, ನನ್ನದಕ್ಕೆ ಇನ್ನೂ ಒಂಬತ್ತು ಹತ್ತು ವರ್ಷ ಬೇಕು.

ಟೇಪಿನ ಮೇಲೆ ಸದ್ಯ ಒಂದು ಸಾಲು ಉಳಿದಿದೆ: "ಹಿಂದಿನ ಎಡ ಬಾಗಿಲು, ಒಳಗಿನ ಹ್ಯಾಂಡಲ್, ತೆಂಗಿನ ಹಗ್ಗ." ಆ ಹ್ಯಾಂಡಲ್ ಶಿವಾಜಿನಗರದ ಗುಜರಿಯಲ್ಲೂ ಸಿಕ್ಕಿಲ್ಲ. ಹಗ್ಗ ಗುಬ್ಬಿಯದು, ಮಾವನೇ ಕಟ್ಟಿದ್ದು.